ಸುಮ್ಮನಿದ್ದ ಬೋಗುಣಿ

ಅಮರಗುಂಡಪ್ಪ ಗೌಡರಿಗೆ,

ನಾನು ಯಮನಮ್ಮ, ನಿಮ್ಮ ಮನೆಯ ಮುಸುರೆ ತಿಕ್ಕುತ್ತಿದ್ದ ತಿಮ್ಮವ್ವನ ಮಗಳು. ನನ್ನ ಹೆಸರು ಮರೆತಿದ್ದರೂ ಅವ್ವನ ಬಲಗೈಯನ್ನು ನೀವು ಮರೆತಿರಲಾರಿರಿ. ಈಗ ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಿಮ್ಮ ಕ್ಷೇಮ ಕೇಳಲು ಬರೆದ ಕಾಗದ ಇದಲ್ಲ.

ದೇವಿಯ ಬೆಳ್ಳಿ ಕಣ್ಣು ಕಳುವಾದಾಗ ಊರು ಇಬ್ಬರ ಮೇಲೆ ಅನುಮಾನಪಟ್ಟಿತು: ಗುಡಿಯ ಅಂಗಳ ಗುಡಿಸುತ್ತಿದ್ದ ನನ್ನವ್ವ, ಗುಡಿಕಟ್ಟೆಯಲ್ಲಿ ಇಸ್ಪೀಟು ಆಡುತ್ತಿದ್ದ ನಿಮ್ಮ ತಮ್ಮ ಆದಪ್ಪ. ಮಸ್ಕಿಯಿಂದ ಪೊಲೀಸ್ ಅಮೀನನನ್ನು ಕರೆಸೋಣ ಎಂದವರನ್ನು ನೀವು ಗದರಿಸಿ ಕೂರಿಸಿದಿರಿ. "ಅಮೀನ ಯಾಕ ಬೇಕು? ದೇವಿ ಅದಾಳ. ಇಬ್ಬರೂ ಕಾದ ಎಣ್ಣ್ಯಾಗ ಕೈ ಇಡ್ಲಿ. ಸತ್ಯ ಇದ್ದವರ ಕೈ ಸುಡಂಗಿಲ್ಲ" ಎಂದಿರಿ.

ಎರಡು ಬೋಗುಣಿಗಳಲ್ಲಿ ಕುಸುಬಿ ಎಣ್ಣೆ ಇತ್ತು. ನೀವೇ ಮುಂದೆ ಬಂದು ಎರಡಕ್ಕೂ ವಿಭೂತಿ ಉದುರಿಸಿದಿರಿ. ಆದಪ್ಪನ ಬೋಗುಣಿ ಕೊತಕೊತ ಕುದಿಯಿತು, ಜನ ಹೆದರಿ ಹಿಂದೆ ಸರಿದರು. ಅವನು ಮಣಿಕಟ್ಟಿನವರೆಗೆ ಕೈ ಅದ್ದಿ ಮೇಲೆತ್ತಿ ತೋರಿಸಿದ. ಒಂದು ಬೊಬ್ಬೆಯೂ ಇರಲಿಲ್ಲ. ಅವ್ವನ ಬೋಗುಣಿಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಅವ್ವ ಅದನ್ನು ನೋಡಿ ನನ್ನ ಕಡೆ ತಿರುಗಿ ನಕ್ಕಳು. "ಇದು ಇನ್ನಾ ಕುದ್ದೇ ಇಲ್ಲ ಬಿಡವ್ವಾ, ಅಂಜಬ್ಯಾಡ" ಎಂದಳು. ಆಮೇಲೆ ಅವಳು ಕಿರುಚಿದ್ದು ಈಗಲೂ ನನ್ನ ಕಿವಿಯಲ್ಲಿದೆ.

ಕುದಿಯುವ ಎಣ್ಣೆ ಬಿಟ್ಟಿತು, ಸುಮ್ಮನಿದ್ದದ್ದು ಸುಟ್ಟಿತು, ದೇವಿಯೇ ನ್ಯಾಯ ಹೇಳಿದಳು ಎಂದು ಊರೆಲ್ಲ ನಂಬಿತು. ನಮ್ಮನ್ನು ಊರು ಬಿಡಿಸಿದಿರಿ. ಮುದಗಲ್ಲಿನಲ್ಲಿ ಅವ್ವ ಎಡಗೈಯಲ್ಲಿ ರೊಟ್ಟಿ ತಟ್ಟಿ ನನ್ನನ್ನು ಓದಿಸಿದಳು. ಸಾಯುವಾಗಲೂ "ನಾ ಏನ್ ಪಾಪ ಮಾಡಿದ್ನೋ, ದೇವಿ ನನ್ನ ಕೈ ಬಿಟ್ಳು" ಎಂದೇ ಅತ್ತಳು. ಕೈ ಸುಟ್ಟದ್ದನ್ನಾದರೂ ಕ್ಷಮಿಸಿಯೇನು, ಅವಳು ತನ್ನನ್ನೇ ಪಾಪಿ ಎಂದುಕೊಂಡು ಸತ್ತದ್ದನ್ನು ಕ್ಷಮಿಸುವುದಿಲ್ಲ.

ಊರು ಬಿಡುವ ಮುಂಚೆ ಆ ಬೋಗುಣಿಗಳನ್ನು ನನ್ನಿಂದಲೇ ತೊಳೆಸಿದಿರಿ, ನೆನಪಿದೆಯೇ? ಆದಪ್ಪನದರ ತಳದಲ್ಲಿ ಲಿಂಬೆಬೀಜಗಳಿದ್ದವು. ಎಣ್ಣೆಯಲ್ಲಿ ಲಿಂಬೆಯೇಕೆ ಎಂಬುದು ಹೈದರಾಬಾದಿನ ಟ್ರೇನಿಂಗ್ ಶಾಲೆಯಲ್ಲಿ, 'ಹರಾರತ್' ಎಂಬ ಶಾಖದ ಪಾಠ ಕೇಳುವಾಗ ತಿಳಿಯಿತು. ಲಿಂಬೆರಸ ಎಣ್ಣೆಯ ಕೆಳಗೆ ಕೂರುತ್ತದೆ. ಅದಕ್ಕೆ ಹಪ್ಪಳಕ್ಕೆ ಹಾಕುವ ಪಾಪಡಖಾರ ಬಿದ್ದರೆ ಉಗುರುಬೆಚ್ಚಗಿನ ಎಣ್ಣೆಯೂ ಕುದಿಯುವಂತೆ ಗುಳ್ಳೆ ಏಳಿಸುತ್ತದೆ. ನಿಮ್ಮ ತಮ್ಮನ ಬೋಗುಣಿಗೆ ನೀವು ಉದುರಿಸಿದ 'ವಿಭೂತಿ' ಅದೇ. ಅವ್ವನದಕ್ಕೆ ಹಾಕಿದ್ದು ಬರೀ ಬೂದಿ. ಪೂರಿ ಕರಿಯುವಷ್ಟು ಕಾದ ಎಣ್ಣೆ ಗುಳ್ಳೆಯಿಲ್ಲದೆ ಸುಮ್ಮನಿರುತ್ತದೆ ಗೌಡರೇ. ಗುಳ್ಳೆ ನೋಡಿ ಬಿಸಿ ಹೇಳಲಾಗದು. ಅದನ್ನು ಹೇಳುವುದು ಥರ್ಮಾಮೀಟರಿನ ಪಾದರಸ, ಅದು ಯಾವ ಗೌಡನಿಗೂ ಹೆದರುವುದಿಲ್ಲ.

ಈಗ ಅದೇ ಪಾಠ ನಾನು ಹೇಳುತ್ತೇನೆ. ಕುಲುಮೆಯ ಕಿಡಿ ಹಂಡೆಯ ಬಿಸಿನೀರಿಗಿಂತ ಎಷ್ಟೋ ಹೆಚ್ಚು ಕಾದಿರುತ್ತದೆ, ಆದರೂ ಕೈಮೇಲೆ ಬಿದ್ದು ಆರಿಹೋಗುತ್ತದೆ. ಹಂಡೆಯ ನೀರು ಮೈಮೇಲೆ ಬಿದ್ದರೆ ಚರ್ಮ ಸುಲಿಯುತ್ತದೆ. ಎಷ್ಟು ಕಾದಿದೆ ಎಂಬುದು ಬೇರೆ, ಒಳಗೆ ಎಷ್ಟು ಶಾಖ ಕೂತಿದೆ ಎಂಬುದು ಬೇರೆ. ನನ್ನೊಳಗೆ ಕೂತದ್ದು ಇನ್ನೂ ಆರಿಲ್ಲ.

ಮುಂದಿನ ಸಾಲಿನಲ್ಲಿ ಕೂರುವ ಜಾಣ ಹುಡುಗಿ ನಿಮ್ಮ ಮೊಮ್ಮಗಳು ಅಮರಮ್ಮ. ಲಿಂಬೆ, ಪಾಪಡಖಾರ ಹಾಕಿ ಎಣ್ಣೆಯಲ್ಲಿ ಗುಳ್ಳೆ ಏಳಿಸಿ ತೋರಿಸಿದಾಗ ತಾನೇ ಬೆರಳು ಅದ್ದಿ ಕೂಗಿದಳು: "ಅಕ್ಕೋರ, ಕುದಿಯಾಕತ್ತೈತಿ, ಆದ್ರ ಸುಡವಲ್ದು!" ಆಮೇಲೆ ಮುಖ ಸಣ್ಣದಾಯಿತು. "ನಮ್ಮ ಆದಪ್ಪಜ್ಜನ ಕೈನೂ ಹಿಂಗ ಸುಡಲಿಲ್ಲಂತ್ರೀ. ಮುತ್ಯಾ ಹೇಳ್ಯಾನ" ಎಂದಳು. ಗುಡಿಕಟ್ಟೆಯಲ್ಲಿ ಊರವರ ಮುಂದೆ ಮಾಡಿ ನೋಡು ಎಂದೆ, ಅಷ್ಟೇ.

ದಸರೆಯ ರಜೆಗೆ ಅವಳು ನಾಳೆ ಬಂಡಿ ಹತ್ತುತ್ತಾಳೆ. ನನ್ನ ಥರ್ಮಾಮೀಟರು ಅವಳ ಚೀಲದಲ್ಲಿದೆ. ಈ ಕಾಗದ ಇಂದಿನ ಟಪ್ಪಾಲಿಗೆ ಹಾಕುತ್ತಿದ್ದೇನೆ, ಅವಳಿಗಿಂತ ಮೊದಲು ಮುಟ್ಟಿ ನೀವು ಅವಳ ದಾರಿ ಕಾಯುತ್ತ ಕೂರಬೇಕೆಂದು. ಎರಡು ಬೋಗುಣಿ ಕೇಳುತ್ತಾಳೆ, ಕೊಡಿ. ಸುಮ್ಮನಿದ್ದ ಎಣ್ಣೆಯ ಹತ್ತಿರ ಹೋಗಬೇಡ, ಅದು ದೊಡ್ಡವರ ಕೆಲಸ ಎಂದು ಆಣೆ ಹಾಕಿಸಿದ್ದೇನೆ. ಮಗು ಪಾಪ, ಅದರದೇನು ತಪ್ಪು?

ಆ ಸುಮ್ಮನಿರುವ ಬೋಗುಣಿ ನಿಮಗೆ, ಗೌಡರೇ. ಸತ್ಯ ಇದ್ದವರ ಕೈ ಸುಡುವುದಿಲ್ಲವಲ್ಲ.

ದೇವಿ ನಿಮಗೆ ನೂರು ವರ್ಷ ಆಯುಷ್ಯ ಕೊಡಲಿ, ಅಷ್ಟೂ ವರ್ಷ ಆ ಮೊಮ್ಮಗಳು ನಿಮ್ಮ ಮುಖ ನೋಡುತ್ತಿರಲಿ.

ತಿಮ್ಮವ್ವನ ಮಗಳು
ಯಮನಮ್ಮ