ವಿನ್ನಿಯನ್ನು ಮನೆಯಿಂದ ಕಳಿಸಿದ ಕಂತು

ಮೈಸೂರು
ಅಧಿಕ ಮೇ ೪, ೨೧೨೧

ನೂರು ವರ್ಷ ಹಿಂದಿರುವ ನಿಮಗೆಲ್ಲ ನಮಸ್ಕಾರ.

ತಾರೀಖು ನೋಡಿ ಇವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಬೇಸಿಗೆ ಜಗ್ಗದೆ ಕೂತಾಗ ನಮ್ಮವರು ಮೇ ತಿಂಗಳನ್ನೇ ಎರಡು ಮಾಡಿಕೊಂಡರು. ಅಧಿಕ ಮಾಸ ಕಂಡ ಜನಕ್ಕೆ ಅಧಿಕ ಮೇ ಏನು ಮಹಾ! ಇನ್ನೂ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ, ಬಿಡಿಸಿ ಹೇಳುತ್ತ ಹೋಗುತ್ತೇನೆ.

ಇಲ್ಲಿ ಮನೆಮನೆಯಲ್ಲೂ ಒಂದು ಹದಪೆಟ್ಟಿಗೆ ಇದೆ, ನಿಮ್ಮ ಟಿ.ವಿ.ಯ ಮೊಮ್ಮಗ ಅನ್ನಿ. ಹಳೆಯ ಧಾರಾವಾಹಿ ಹಾಕಿದರೆ ಅದು ಎದುರಿಗೆ ಕೂತವರ ಮುಖ ನೋಡುತ್ತಿರುತ್ತದೆ. ಯಾರಾದರೂ ಕಣ್ಣೊರೆಸಿಕೊಂಡರೆ ಆ ದೃಶ್ಯವನ್ನು ಮುಂದಿನ ಸಲಕ್ಕೆ ಹದ ಮಾಡಿಡುತ್ತದೆ. ಸತ್ತವರು ಎದ್ದು ಕೂರುತ್ತಾರೆ, ಮುರಿದ ಮದುವೆ ಕೂಡುತ್ತದೆ, ಊಟದ ಹೊತ್ತಿಗೆ ಎಲ್ಲರಿಗೂ ಸಮಾಧಾನ. ಮೊದಲಿನ ಪ್ರತಿಗಳು ಎಲ್ಲಿ ಹೋದವೋ ಗೊತ್ತಿಲ್ಲ, ಬೇಕು ಅಂತ ಕೇಳಿದವರೂ ಇಲ್ಲ.

ನನ್ನ ಅಜ್ಜಿ ದಿಶಾ ಚಿಕ್ಕವಳಿದ್ದಾಗ ತನ್ನ ಅಮ್ಮನ ಜೊತೆ 'ಥಾರ್ನ್‌ಲಿ ಹೌಸ್' ಎಂಬ ಇಂಗ್ಲಿಷರ ಧಾರಾವಾಹಿ ನೋಡಿದ್ದಳು. ಅದು ಆಗಲೇ ಹಳೆಯದು. ದೊಡ್ಡ ಬಂಗಲೆ, ಮೇಲೆ ದೊರೆಗಳು, ಕೆಳಗೆ ಆಳುಗಳು. ಏಳನೇ ಕಂತಿನಲ್ಲಿ ವಿನ್ನಿ ಎಂಬ ಕೆಲಸದ ಹುಡುಗಿ ಒಂದು ಪಿಂಗಾಣಿ ತಟ್ಟೆ ಒಡೆಯುತ್ತಾಳೆ, ದೊರೆಸಾನಿ ಅವಳನ್ನು ಆಚೆ ಹಾಕುತ್ತಾಳೆ. ಮಳೆಯಲ್ಲಿ ಟ್ರಂಕು ಎಳೆದುಕೊಂಡು ಹೋಗುವ ಆ ಹುಡುಗಿಯನ್ನು ನೋಡಿ ಅಜ್ಜಿಯ ಅಮ್ಮ ಗಳಗಳನೆ ಅತ್ತುಬಿಟ್ಟಳಂತೆ. ಯಾಕಮ್ಮಾ ಅಂತ ಅಜ್ಜಿ ಕೇಳಿದಾಗ, ಯಾದವಗಿರಿಯ ಬಂಗಲೆಯೊಂದರಲ್ಲಿ ತಾನೂ ಮನೆಗೆಲಸಕ್ಕಿದ್ದದ್ದು, ಬಟ್ಟೆ ಗಂಟು ಕಟ್ಟಿಕೊಳ್ಳಲೂ ಬಿಡದೆ ತನ್ನನ್ನು ದಬ್ಬಿದ್ದು, ಎಲ್ಲ ಹೇಳಿದಳು. ಜೀವಮಾನದಲ್ಲಿ ಆ ಮಾತು ಬಾಯಿಬಿಟ್ಟದ್ದು ಅದೊಂದೇ ಸಲ. ಅಜ್ಜಿ ಇದನ್ನು ನನಗೆ ಎಷ್ಟು ಸಲ ಹೇಳಿದ್ದಾಳೋ ಲೆಕ್ಕವಿಲ್ಲ.

ಇಲ್ಲಿ ವಯಸ್ಸಾದವರಿಗೆ ನೆನಪೊರೆ ಎಂಬ ಪರೀಕ್ಷೆ ಇದೆ. ಅವರ ಕಾಲದವರೆಲ್ಲ ನೋಡಿದ ಒಂದು ಧಾರಾವಾಹಿಯ ಕತೆ ಕೇಳುತ್ತಾರೆ, ಸರಿಯಾಗಿ ಹೇಳಿದರೆ ನೆನಪು ಗಟ್ಟಿ. ಹೇಳದವರಿಗೆ ಬೀದಿ ಬಾಗಿಲು ತೆರೆಯುವುದಿಲ್ಲ, ಹೊರಗೆ ಕಾಲಿಡಬೇಕಾದರೆ ಜೊತೆಗೊಬ್ಬರು ಬೇಕು. ಉತ್ತರವನ್ನು ತಾಳೆ ನೋಡುವುದು ಮಾತ್ರ ಹದಪೆಟ್ಟಿಗೆಯ ಕತೆಗೆ! ಅದರಲ್ಲಿ ದೊರೆಸಾನಿ ಮಳೆಯಲ್ಲಿ ಓಡಿಹೋಗಿ ವಿನ್ನಿಯನ್ನು ಕರೆತಂದು ಟೀ ಕೊಡುತ್ತಾಳೆ.

"ಯಾವ ಟೀನೂ ಕೊಡ್ಲಿಲ್ಲ, ಆ ಹುಡುಗೀನ ಓಡಿಸಿದ್ರು ಕಣಮ್ಮ. ನಾನು ಕಣ್ಣಾರೆ ನೋಡಿದೀನಿ," ಎಂದಳು ಅಜ್ಜಿ, ತನ್ನ ಪರೀಕ್ಷೆಯ ದಿನ.

ಪರೀಕ್ಷೆಯವಳು ಕನಿಕರದಿಂದ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ಪೆಟ್ಟಿಗೆ ಕತೆ ಬದಲಿಸುತ್ತದೆ ಎಂದು ನಾನು ಹೇಳಿದರೆ, ಹೌದಲ್ಲ, ಅದು ಚೆನ್ನಾಗಿಯೇ ಮಾಡುತ್ತದೆ ಎಂದಳು. ಮರುಪರೀಕ್ಷೆಗೆ ಎರಡು ತಿಂಗಳು ಕೊಟ್ಟರು.

ಅಜ್ಜಿ ಹಟಮಾರಿ. ದಿನಾ ಬೆಳಿಗ್ಗೆ ಒಬ್ಬಳೇ ಕುಕ್ಕರಹಳ್ಳಿ ಕೆರೆಗೆ ಹೋಗಿಬರದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ. "ಅವ್ರಿಗೆ ಬೇಕಾದ್ದು ಹೇಳಿದ್ರಾಯ್ತು ಬಿಡು," ಎಂದು ಪೆಟ್ಟಿಗೆಯ ಮುಂದೆ ಕೂತು ಏಳನೇ ಕಂತನ್ನು ಪರೀಕ್ಷೆಗೆ ಓದುವ ಹುಡುಗಿಯಂತೆ ಉರುಹೊಡೆದಳು. ಪಾಸಾದಳು. ಬಾಗಿಲು ತೆರೆಯಿತು. ನಾವು ಹೋಳಿಗೆ ಮಾಡಿ ತಿಂದೆವು.

ಹೋದ ವಾರ ಅಜ್ಜಿ ತಾನಾಗಿಯೇ ವಿನ್ನಿಯ ಕತೆ ತೆಗೆದಳು. ದೊರೆಸಾನಿ ಎಷ್ಟು ಒಳ್ಳೆಯವಳು, ಹೇಗೆ ಓಡಿಬಂದಳು ಎಂದು ಹೇಳಿದಳು. ತಮಾಷೆ ಇರಬೇಕು ಅಂದುಕೊಂಡೆ. ಆಮೇಲೆ ಹೆದರುತ್ತಲೇ ಕೇಳಿದೆ, ಆವತ್ತು ನಿಮ್ಮಮ್ಮ ಅತ್ತಿದ್ದಳಲ್ಲ, ಯಾದವಗಿರಿಯ ಮಾತು ಹೇಳಿದ್ದಳಲ್ಲ ಅಂತ.

"ಅಮ್ಮ ಯಾಕೋ ಅಳ್ತಾಳೆ? ಎಲ್ಲಾ ಸರಿಹೋಯ್ತಲ್ಲ. ನಗ್ತಾ ಕೂತಿದ್ಲು," ಎಂದಳು.

ಅಜ್ಜಿಯ ನೆನಪು ಈಗ ಗಟ್ಟಿ ಎಂದು ಸರ್ಕಾರವೇ ಹೇಳಿದೆ. ನನಗೆ ತುಂಬ ಸಂಕಟವಾಗಿದೆ, ಮನೆಯಲ್ಲಿ ಹೇಳಿಕೊಳ್ಳುವಂತಿಲ್ಲ.

ನಿಮ್ಮ ಕಾಲದಲ್ಲಿ ಆ ಕಂತು ಇದ್ದ ಹಾಗೇ ಇದೆ. ದಯವಿಟ್ಟು ಮನೆಯವರ ಜೊತೆ ಕೂತು ಒಂದು ಸಲ ನೋಡಿ. ನಿಮ್ಮ ಅಮ್ಮನಿಗೆ ಅಳು ಬಂದರೆ ಟಿ.ವಿ. ಆರಿಸಬೇಡಿ. ನನ್ನ ಮುತ್ತಜ್ಜಿಯನ್ನು ದಬ್ಬಿದ್ದು ನಿಜ, ಇದನ್ನು ಬಲ್ಲವನು ಈಗ ನಾನೊಬ್ಬನೇ, ಮತ್ತು ನಾನು ಆ ಕಂತನ್ನು ನೋಡಿಯೇ ಇಲ್ಲ.

ನಿಮ್ಮ,
ಶ್ರವಣ