ಕೋವಿ ಇನ್ನೂ ನನ್ನ ಹೆಸರಿನಲ್ಲೇ ಇದೆ

ಮಿಸಿಸಾಗ
೧೨ ಅಕ್ಟೋಬರ್ ೨೦೨೫, ಭಾನುವಾರ

ಪ್ರೀತಿಯ ತಮ್ಮ ಚೆನ್ನಯನಿಗೆ,

ನಿನ್ನ ಅಕ್ಕನ ಆಶೀರ್ವಾದ. ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಹಾಗೆಯೇ ಕುಂಟುತ್ತಿದ್ದೀಯೋ? ವಾರಿಜಳಿಗೆ ಬಿ.ಪಿ. ಮಾತ್ರೆ ತಪ್ಪಿಸಬಾರದೆಂದು ಹೇಳು. ನಿನ್ನ ಹೆಂಡತಿ ಮಾತ್ರೆಯನ್ನು ಸೆರಗಿಗೆ ಗಂಟು ಹಾಕಿ, ಆ ಗಂಟನ್ನೇ ಮರೆಯುವವಳು. ಕೆಂಪಿ ಕರು ಹಾಕಿತೇ? ಕೆಳಗಿನ ಗದ್ದೆಯಲ್ಲಿ ತೆನೆ ಬಲಿತಿರಬೇಕು, ಹಂದಿಗಳು ಇಳಿಯುವ ಸಮಯ. ಇಲ್ಲಿ ನನಗೆ ಆರೋಗ್ಯವಿದೆ. ಚಳಿಗೆ ದೀಕ್ಷಿತಾ ಉಣ್ಣೆಯ ಕಾಲುಚೀಲ ತಂದುಕೊಟ್ಟಿದ್ದಾಳೆ, ಒಳ್ಳೆಯ ಸೊಸೆ. ಮೊಮ್ಮಗಳು ಅಕ್ಷರಾ ನಾನು ತುಳುವಿನಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಆದರೆ ಬೈದರೆ ಮಾತ್ರ ಒಂದಕ್ಷರವೂ ಬಿಡದೆ ಅರ್ಥವಾಗುತ್ತದೆ.

ಫೋನಿರುವಾಗ ಅಕ್ಕ ಯಾಕೆ ಪತ್ರ ಬರೆದಳು ಎಂದು ನೀನು ಬೆರಗಾಗಬಹುದು. ಈ ಮನೆಯಲ್ಲಿ ಫೋನೆಂದರೆ ಅದನ್ನು ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಲ್ಲಿನ ಮೇಲೆ ಇಡುವುದು. ನಾನು ಸೀನಿದ್ದೂ ರಂಜಿತನಿಗೆ ಕೇಳಿಸುತ್ತದೆ. ನಿನ್ನ ಹತ್ತಿರ ನನಗೆ ಜಗಳವಿದೆ, ಅದನ್ನು ಮಗನೆದುರು ಆಡಿ ನಿನ್ನ ಮರ್ಯಾದೆ ತೆಗೆಯಲು ಇಷ್ಟವಿಲ್ಲ. ಹಿಂದಿನ ಬೀದಿಯ ಪ್ರಕೃತಿ ಮಂಗಳವಾರ ಊರಿಗೆ ಹೊರಡುತ್ತಾಳೆ, ತವರು ಕಾರ್ಕಳ. ಅವಳ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ನೀನೇ ಓದು, ವಾರಿಜಳಿಂದ ಓದಿಸಬೇಡ.

ನಿನ್ನೆ ಬೆಳಿಗ್ಗೆ ರಂಜಿತ ಬಂದು, "ಅಮ್ಮ, ಹೊರಡಿ, ಎಲೆ ಕೆಂಪಾದದ್ದು ನೋಡ್ಲಿಕ್ಕೆ ಹೋಗುವ" ಎಂದ. ಈ ತಿಂಗಳಲ್ಲಿ ಇಲ್ಲಿನ ಮರಗಳು ಕೆಂಪು, ಹಳದಿಯಾಗುತ್ತವೆ, ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ. ನಾನೂ ಒಳ್ಳೆಯ ಸೀರೆ ಉಟ್ಟು, ಎಲ್ಲರಿಗೂ ಆಗುವಷ್ಟು ನೀರುದೋಸೆ ಕಟ್ಟಿಕೊಂಡು ಹೊರಟೆ. ಅವನ ಇಬ್ಬರು ಗೆಳೆಯರೂ ಕಾರು ಹತ್ತಿದರು. ಧಾರವಾಡದ ನಿಜಗುಣ, ಬೆಂಗಳೂರಿನ ಚಿರಂತನ್, ಮೂವರೂ ಮೆಡೋವೇಲಿನ ಒಂದೇ ಆಫೀಸಿನವರು. ಆರೆಂಜ್‌ವಿಲ್ ಎಂಬ ಪೇಟೆ ದಾಟಿ ಮುಸುಕಿನ ಜೋಳದ ಹೊಲಗಳ ನಡುವೆ ಹೋದೆವು. ಎಲೆಗಳು ಕೆಂಪಗಿದ್ದವು, ಸುಳ್ಳು ಹೇಳಲಾರೆ. ಆದರೆ ಕಾರು ನಿಂತದ್ದು ಯಾವ ಮರದ ಕೆಳಗೂ ಅಲ್ಲ, ಒಂದು ಕೋವಿ ಅಂಗಡಿಯ ಎದುರು.

ಮೂವರೂ ಬೇಸಿಗೆಯಲ್ಲಿ ಎರಡು ದಿನದ ತರಗತಿಗೆ ಹೋಗಿ, ಪರೀಕ್ಷೆ ಬರೆದು, ಕೋವಿ ಲೈಸೆನ್ಸ್ ಮಾಡಿಸಿಕೊಂಡಿದ್ದಾರಂತೆ. ಈಗ ಹಳ್ಳಿಹಳ್ಳಿಯ ಅಂಗಡಿ ತಿರುಗಿ ನೋಡುವುದು. ಸಂತೆಗೆ ಹೋದವರು ಕುಂಬಳಕಾಯಿ ತಟ್ಟಿ ನೋಡುವ ಹಾಗೆ! ಅಂಗಡಿಯೋ, ಒಬ್ಬನ ಮನೆಯ ಹಿಂದಿನ ಕೊಟ್ಟಿಗೆ. ಗೋಡೆಯ ತುಂಬ ಜಿಂಕೆಯ ತಲೆಗಳು. ತಂಪು ಪಾನೀಯದ ಫ್ರಿಜ್ಜಿನಲ್ಲೇ ಗಾಳಕ್ಕೆ ಚುಚ್ಚುವ ಎರೆಹುಳದ ಡಬ್ಬಗಳು. ಅಂಗಡಿಯವನು ನನ್ನನ್ನು ಕಂಡದ್ದೇ ಹೀಟರಿನ ಪಕ್ಕ ಒಂದು ಕುರ್ಚಿ ಹಾಕಿ, "ಗ್ರ್ಯಾಂಡ್ಮಾ, ಸಿಟ್" ಎಂದ. ಸಾಮಾನಿನ ಚೀಲದ ಹಾಗೆ ಅಲ್ಲಿ ಕೂತೆ.

ನಿಜಗುಣ ನಮ್ಮ ಮನೆಯಲ್ಲಿ ಮೀನು ಕಾಯಿಸುವ ದಿನ ಬಾಗಿಲಿನಿಂದಲೇ ಮಾತಾಡಿ ಹೋಗುವವನು. ಅವನು ಜಿಂಕೆ ಹೊಡೆಯುವ ಕೋವಿಯನ್ನು ಮಗುವಿನ ಹಾಗೆ ತಡವುತ್ತಿದ್ದ. ಇದು ನಿನಗೆ ಯಾಕಪ್ಪಾ ಎಂದು ಕೇಳಿದೆ. "ಬ್ಯಾಟಿಗೀಟಿ ಏನಿಲ್ರೀ ಅಮ್ಮಾರ, ನಾ ಕಾಯಿಪಲ್ಲೆ ತಿನ್ನಾಂವ. ರೇಂಜಿಗೆ ಹೋಗಿ ಹಾಳಿಗೆ ಗುರಿ ಇಡಾಕ ಅಷ್ಟ" ಎಂದ. ಹಾಳಿಗೆ! ಕಾಗದದ ಹಾಳೆ ಇವನ ಯಾವ ಗದ್ದೆ ಮೇಯ್ದಿತ್ತು? ಚಿರಂತನನದು ಇನ್ನೊಂದು ಬಗೆ. "ಆಂಟಿ, ಇದ್ರಲ್ಲಿ ಬ್ಲೂ ಕಲರ್ ಇದ್ದಿದ್ರೆ ಸಕ್ಕತ್ತಾಗಿರ್ತಿತ್ತು ಅಲ್ವಾ?" ಎನ್ನುತ್ತ ನಳಿಗೆಯನ್ನು ನನ್ನ ಕಡೆಗೇ ತಿರುಗಿಸಿದ, ಬೆರಳು ಟ್ರಿಗರಿನ ಮೇಲೆ. ಗುಂಡಿಲ್ಲದ್ದಿರಲಿ, ಕೆಟ್ಟದ್ದಿರಲಿ, ಮನುಷ್ಯರ ಕಡೆ ತೋರಿಸಬಾರದೆಂದು ನಮ್ಮ ಸೋದರಮಾವ ನಿನ್ನ ಕಿವಿ ಹಿಂಡಿದ್ದು ನೆನಪಿದೆಯಲ್ಲ? ಕುರ್ಚಿಯಿಂದಲೇ ಗದರಿಸಿದೆ. ಅಂಗಡಿಯವನಿಗೆ ಭಾಷೆ ತಿಳಿಯದಿದ್ದರೂ ಅವನೂ ಅದನ್ನೇ ಇಂಗ್ಲಿಷಿನಲ್ಲಿ ಗದರಿಸಿ ಕೋವಿ ಕಿತ್ತುಕೊಂಡ. ಮಧ್ಯಾಹ್ನ ರಸ್ತೆ ಬದಿಯಲ್ಲಿ ನೀರುದೋಸೆ ಬಿಚ್ಚಿದಾಗ ಮೂವರೂ ಇನ್ನೊಂದು, ಇನ್ನೊಂದು ಎಂದು ಕೇಳಿ ತಿಂದರು. ಸಿಟ್ಟು ಸ್ವಲ್ಪ ಇಳಿದಿತ್ತು. ಮತ್ತೆರಡು ಅಂಗಡಿ ಬಾಕಿ ಇದೆ ಎಂದು ತಿಳಿದು ಪುನಃ ಏರಿತು.

ಈಗ ನಿನ್ನ ವಿಷಯ. ಕೊನೆಯ ಅಂಗಡಿಯಲ್ಲಿ ಹಳೆಯ ಕೋವಿಗಳದೇ ಒಂದು ಸಾಲಿತ್ತು. ಅದರಲ್ಲೊಂದು ಒಂಟಿ ನಳಿಗೆಯದು, ಥೇಟ್ ನಮ್ಮ ಮನೆಯದರ ಹಾಗೆ. ಹಿಡಿಯ ಹತ್ತಿರ ಕೈಯಾಡಿ ಕಪ್ಪಾದದ್ದು ಕೂಡ ಹಾಗೆಯೇ. ಯಾರ ಮನೆಯದೋ ಎನಿಸಿತು. ರಂಜಿತ ಅದನ್ನು ಕೆಳಗಿಳಿಸಿ ಅಂಗಡಿಯವನಿಗೆ ಇಂಗ್ಲಿಷಿನಲ್ಲಿ ಹೇಳಿದ: ಊರಿನಲ್ಲಿ ನನ್ನ ತಾಯಿಗೆ ಇಂಥದ್ದೇ ಒಂದಿದೆ, ಡಿಸೆಂಬರಿಗೆ ಲೈಸೆನ್ಸ್ ಮುಗಿಯುತ್ತದೆ, ಮಾವ ಅದನ್ನು ಪೊಲೀಸರಿಗೆ ಒಪ್ಪಿಸುತ್ತಾರೆ, ಅಮ್ಮ ಇನ್ನು ನಮ್ಮ ಜೊತೆಗೇ, ಬೇಸ್‌ಮೆಂಟಿನ ಗೋಡೆಗೆ ಇದನ್ನು ಹಾಕಿದರೆ ಅವರಿಗೆ ಸಮಾಧಾನ ಎಂದು. ಹೈಸ್ಕೂಲು ಮುಗಿಸಿದವಳು ನಾನು ಚೆನ್ನಯ. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ.

ಹಾಗಾದರೆ ಇಡೀ ದಿನದ ತಿರುಗಾಟ ನನಗಾಗಿ! ನನ್ನ ಕೋವಿಯನ್ನು ಊರಿನಲ್ಲಿ ಕಳೆದು, ಅದಕ್ಕೆ ಬದಲು ಯಾರದೋ ಮನೆಯದನ್ನು ಟ್ರಿಗರಿಗೆ ಬೀಗ ಹಾಕಿ ಗೋಡೆಗೆ ತೂಗಿಹಾಕುವುದು. ಅದರ ಕೆಳಗೆ ಹೀಟರು, ಹೀಟರಿನ ಪಕ್ಕ ಕುರ್ಚಿ, ಕುರ್ಚಿಯಲ್ಲಿ ನಾನು. ಎದ್ದು ನಿಂತು ಅಂಗಡಿಯವನಿಗೇ ಹೇಳಿದೆ, "ನೋ. ಐ ಆಮ್ ಗೋಯಿಂಗ್ ಹೋಮ್ ಇನ್ ನವೆಂಬರ್." ಆ ಮನುಷ್ಯ ನನ್ನ ಮುಖ ನೋಡಿದ, ಮಗನ ಮುಖ ನೋಡಿದ, "ಎಸ್ ಮ್ಯಾಮ್" ಎಂದು ಕೋವಿಯನ್ನು ಇದ್ದಲ್ಲೇ ಇಟ್ಟ.

ಕಾರಿನಲ್ಲಿ ರಂಜಿತನ ಬಾಯಿ ಬಿಡಿಸಿದೆ. "ಚೆನ್ನಯ ಮಾವನೇ ಒಪ್ಪಿದ್ದು ಅಮ್ಮ. ನೀವು ಬಾವಿಕಟ್ಟೆಯಲ್ಲಿ ಬಿದ್ದದ್ದು ಮಾವ ಹೇಳದಿದ್ರೆ ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ. ಪುನಃ ಬಿದ್ರೆ ಯಾರಿದ್ದಾರೆ?" ಎಂದ. ಹೆದರಿಯೇ ಹೇಳಿದ್ದು, ಅದಕ್ಕೆ ಅವನನ್ನು ಹೆಚ್ಚು ಬೈಯಲಿಲ್ಲ. ಬೈಗುಳವೆಲ್ಲ ನಿನಗೆ ಉಳಿಸಿ ತಂದಿದ್ದೇನೆ. ಯಾರಿದ್ದಾರೆ ಎಂದು ಅವನು ಕೇಳುವ ಹಾಗೆ ಮಾಡಿದೆಯಲ್ಲ, ನೀನು ಆ ಮನೆಯಲ್ಲಿ ಇಲ್ಲವೇ? ನಮ್ಮದು ಹೆಣ್ಣಿನಿಂದ ಹೆಣ್ಣಿಗೆ ಬಂದ ಮನೆ. ಮುಂಬಯಿಯ ಹೋಟೆಲು ಬಿಟ್ಟು ನೀನು ಹೆಂಡತಿಯನ್ನು ಕರೆದುಕೊಂಡು ಬಂದಾಗ ಚಾವಡಿ ಪಕ್ಕದ ಕೋಣೆ ಗುಡಿಸಿ ಕೊಟ್ಟೆ, ಇವತ್ತಿನವರೆಗೆ ಒಂದು ಮಾತು ಆಡಿಲ್ಲ. ಸೋದರಮಾವ ಸಾಯುವ ಮುಂಚೆ ಕೋವಿಯನ್ನು ನನ್ನ ಹೆಸರಿಗೆ ಮಾಡಿಸಿದರು. ಚುನಾವಣೆ ಬಂದಾಗಲೆಲ್ಲ ಹಳೆ ಸೀರೆಯಲ್ಲಿ ಸುತ್ತಿ, ರಿಕ್ಷಾ ಹತ್ತಿ, ಠಾಣೆಯ ಗಂಡಸರ ಸಾಲಿನಲ್ಲಿ ನಿಂತು ಒಪ್ಪಿಸಿದವಳು ನಾನು, ಎಣಿಕೆ ಮುಗಿದ ಮೇಲೆ ತಂದವಳೂ ನಾನು. ಲೈಸೆನ್ಸಿನಲ್ಲಿ ನಿನ್ನ ಹೆಸರು ಸೇರಿಸಿದ್ದು ನಾನಿಲ್ಲದಾಗ ಕಾಯಲಿಕ್ಕೆ, ಕಳೆಯಲಿಕ್ಕಲ್ಲ.

ಒಂದು ಜೀವವನ್ನೂ ಆ ಕೋವಿಯಿಂದ ನಾನು ತೆಗೆದಿಲ್ಲ, ನಿನಗೆ ಗೊತ್ತು. ಗಾಳಿಗೆ ಒಂದು ಹಾರಿಸಿದರೆ ಹಂದಿಗಳು ಹೊಳೆಯಾಚೆ. ಸುತ್ತಲಿನವರಿಗೆಲ್ಲ ಅದೊಂದು ಸುದ್ದಿ, ಕೊರಪ್ಪೊಳು ಎದ್ದಿದ್ದಾಳೆ, ಮನೆಯಲ್ಲಿದ್ದಾಳೆ ಎಂದು. ಅದನ್ನು ಒಪ್ಪಿಸಿದರೆ ನಾನು ಇನ್ನು ಬರುವುದಿಲ್ಲ ಎಂದು ಊರಿಗೆ ಡಂಗುರ ಸಾರಿದ ಹಾಗೆ. ಅದು ಗೊತ್ತಿದ್ದೇ ನೀನು ಹೂಂ ಅಂದೆಯಾ? ಆಯುಧ ಪೂಜೆಗೆ ಮುಂಚೆ ಮೂರು ಸಲ ಫೋನು ಮಾಡಿ, "ಅಕ್ಕ, ಅಟ್ಟದ ಕೋವಿ ಪೆಟ್ಟಿಗೆಯ ಕೀಲಿ ಎಲ್ಲಿ?" ಎಂದು ಕೇಳಿದೆ. ದೇವರ ಕೋಣೆಯಲ್ಲಿ ಹುಡುಕು, ಅಕ್ಕಿ ಅಳೆಯುವ ಕಲಶೆಯ ಹಿಂದೆ ನೋಡು ಎಂದು ನಾನೂ ಹೇಳಿದೆ. ಕೊನೆಗೆ ಮುಚ್ಚಿದ ಪೆಟ್ಟಿಗೆಗೇ ಹೂವಿಟ್ಟೆ ಎಂದೆ. ತಮ್ಮನಿಗೆ ಎಷ್ಟು ಭಕ್ತಿ ಎಂದು ನಾನು ಕಣ್ಣೊರೆಸಿಕೊಂಡದ್ದಕ್ಕೆ ಈಗ ನಾಚಿಕೆಯಾಗುತ್ತಿದೆ.

ರಾತ್ರಿ ಊಟಕ್ಕೆ ರಂಜಿತ ತಲೆ ಎತ್ತಲಿಲ್ಲ. ಬಡಿಸುವಾಗ ಒಂದು ತುಂಡು ಮೀನು ಹೆಚ್ಚು ಹಾಕಿದೆ, ಮಗನಲ್ಲವೇ. ನಿನಗೂ ಬಂದು ಬಡಿಸುತ್ತೇನೆ, ಬೈದ ಮೇಲೆ.

ದೈವಗಳು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ವಾರಿಜಳನ್ನು ಕೇಳಿದೆನೆಂದು ಹೇಳು. ಕೆಂಪಿಯ ಕರುವಿಗೆ ನಾನು ಬರುವವರೆಗೆ ಹೆಸರಿಡಬೇಡಿ.

ಇತಿ ನಿನ್ನ ಅಕ್ಕ,
ಕೊರಪ್ಪೊಳು

ಮರೆತಿದ್ದೆ: ಪ್ರಕೃತಿ ಪತ್ರಕ್ಕಾಗಿ ಬಾಗಿಲಲ್ಲಿ ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನನ್ನ ಹಿಂತಿರುಗುವ ಟಿಕೆಟನ್ನು ರದ್ದು ಮಾಡಲು ರಂಜಿತ ದೀಕ್ಷಿತಾಳಿಗೆ ಹೇಳಿದ್ದನಂತೆ. ಅವಳು ಮಾಡಲಿಲ್ಲ. ಈಗಷ್ಟೇ ಕಿವಿಯಲ್ಲಿ ಹೇಳಿದಳು, "ಅತ್ತೆ, ನಿಮ್ಮನ್ನು ಕೇಳದೆ ನಾನು ಹೇಗೆ ಮಾಡುವುದು?" ನವೆಂಬರ್ ಇಪ್ಪತ್ತಕ್ಕೆ ಮಂಗಳೂರಿನಲ್ಲಿ ಇಳಿಯುತ್ತೇನೆ, ಮೊಣಕಾಲು ನೋವೆನ್ನದೆ ನೀನೇ ಬಾ. ಮರುದಿನವೇ ಲೈಸೆನ್ಸ್ ನವೀಕರಣಕ್ಕೆ ಇಬ್ಬರೂ ಹೋಗುವುದು. ಕೀಲಿ ಹುಡುಕುವುದನ್ನು ನಿಲ್ಲಿಸು. ಏಪ್ರಿಲಿನಲ್ಲಿ ವಿಮಾನ ಹತ್ತಿದಂದಿನಿಂದ ಅದು ನನ್ನ ಸೊಂಟದಲ್ಲೇ ಇದೆ. ಹಂದಿಗಳಿಗೂ ಹೇಳಿಡು.