ನಮ್ಮ ಮೂರನೇ ಬೋಗಿಯ ರಟ್ಟಿನ ಚೀಟಿಗಳನ್ನು ಹಿಂದಿರುಗಿಸಿ

ಉಪನಗರ ರೈಲು ವಿಭಾಗದ ಪ್ರಯಾಣಿಕ ಸೌಕರ್ಯ ಅಧಿಕಾರಿಗಳಿಗೆ

ಮಾನ್ಯರೇ,

ಬೆಳಿಗ್ಗೆ ಆರು ನಲವತ್ತರ ರೈಲಿನ ಮೂರನೇ ಬೋಗಿಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಆರು ವರ್ಷ ಇದ್ದ ಮೌನವನ್ನು ತಾವು ಎರಡೇ ತಿಂಗಳಲ್ಲಿ ಹಾಳು ಮಾಡಿದ್ದೀರಿ. ಹಾಳು ಮಾಡುವ ಮುಂಚೆ ನನ್ನ ಕೈ ಕುಲುಕಿ, "ನಿಮ್ಮದನ್ನ ಏನೂ ಕೆಡಿಸಲ್ಲ, ಅದಕ್ಕೊಂದು ಹೆಸರು ಕೊಡ್ತೀವಿ ಅಷ್ಟೇ" ಎಂದಿದ್ದಿರಿ. ಆ ಮಾತನ್ನು ನಂಬಿ ನಮ್ಮ ಬೋಗಿಯನ್ನು ತಮ್ಮ ಕೈಗೆ ಒಪ್ಪಿಸಿದವನು ನಾನು. ಅದರ ಫಲವಾಗಿ ಈಗ ಒಬ್ಬ ಮನುಷ್ಯನ ಕೆಲಸ ಹೋಗುವುದರಲ್ಲಿದೆ. ಬರುವ ಸೋಮವಾರದೊಳಗೆ ತಾವು ಎರಡು ಸಾಲಿನ ಕಾಗದ ಬರೆದುಕೊಟ್ಟರೆ ಅದು ಉಳಿಯುತ್ತದೆ. ಆ ಕಾಗದಕ್ಕಾಗಿ ತಮ್ಮ ಕಚೇರಿಗೆ ನಾಲ್ಕು ಸಲ ಅಲೆದು ಬರಿಗೈಯಲ್ಲಿ ಬಂದ ಮೇಲೆ, ಎಲ್ಲರ ಕಿವಿಗೂ ಬೀಳಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಗದ್ದಲ ಮಾಡುತ್ತಿದ್ದೇನೆ ಎಂದು ತಮಗೆ ಅನ್ನಿಸಿದರೆ ಅದಕ್ಕೆ ಕ್ಷಮೆ ಕೇಳುವುದಿಲ್ಲ.

ನಾನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಒಂದು ಕಾಲೇಜಿನ ಗ್ರಂಥಾಲಯದ ಹಿಂಬದಿಯ ಕೋಣೆಯಲ್ಲಿ ಅಂಟಿನ ಡಬ್ಬ, ಸೂಜಿ ದಾರ, ರಟ್ಟು ಕತ್ತರಿಸುವ ಯಂತ್ರದ ಜೊತೆ ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಹಾಳೆ ಕಿತ್ತುಹೋದ ಪುಸ್ತಕವನ್ನು ಮತ್ತೆ ಓದುವ ಹಾಗೆ ಮಾಡಿ ಕಳಿಸುವುದಷ್ಟೇ ನನ್ನ ಕೆಲಸ. ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ರೈಲಿನಲ್ಲಿ ನನ್ನ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ರಾತ್ರಿ ಪಾಳಿಯ ನರ್ಸಿನ ಬಟ್ಟೆಯಲ್ಲೇ ಕಿಟಕಿಗೆ ತಲೆ ಒರಗಿಸಿ ಮೈಮರೆತು ನಿದ್ದೆ ಮಾಡುತ್ತಿದ್ದಳು. ಪಾಪ, ಮಲಗಲಿ ಎಂದು ನಾನು ಸದ್ದು ಮಾಡದೆ ನನ್ನ ಹನ್ನೆರಡನೇ ನಿಲ್ದಾಣದಲ್ಲಿ ಇಳಿದು ಹೋದೆ. ಅವಳು ಇಳಿಯಬೇಕಾದದ್ದು ಒಂಬತ್ತನೆಯದರಲ್ಲಿ. ಎಚ್ಚರವಾದದ್ದು ಕಟ್ಟಕಡೆಯ ನಿಲ್ದಾಣದಲ್ಲಿ, ಬೋಗಿ ಗುಡಿಸುವವರ ಪೊರಕೆ ಕಾಲಿಗೆ ತಗುಲಿದಾಗ. ಮರುದಿನ ನನ್ನನ್ನು ಹುಡುಕಿಕೊಂಡು ಬಂದು ಜಗಳಕ್ಕೇ ನಿಂತಳು.

"ಪಕ್ಕದಲ್ಲೇ ಕೂತಿದ್ರಲ್ಲ ಅಣ್ಣಾ, ಒಂದು ಸಲ ಎಬ್ಬಿಸೋಕಾಗ್ಲಿಲ್ವಾ?"

"ನಿನ್ನ ಸ್ಟೇಷನ್ ಯಾವುದು ಅಂತ ನನಗೇನಮ್ಮ ಗೊತ್ತು?"

"ಹಾಗಾದ್ರೆ ನಾಳೆಯಿಂದ ಹಣೆ ಮೇಲೆ ಬರ್ಕೊಂಡು ಬರ್ತೀನಿ."

ಮರುದಿನ ನಾನು ಉಳಿಕೆ ರಟ್ಟಿನಲ್ಲಿ ಅಂಗೈ ಅಗಲದ ಒಂದು ತುಂಡು ಕತ್ತರಿಸಿ, ಅಂಚಿಗೆ ಬಟ್ಟೆ ಅಂಟಿಸಿ, ದಾರ ಪೋಣಿಸಿ, ದಪ್ಪಕ್ಷರದಲ್ಲಿ ಒಂಬತ್ತು ಎಂದು ಬರೆದು ತಂದೆ. "ಹಣೆಗೆ ಬೇಡ, ಚೀಲಕ್ಕೆ ಕಟ್ಕೋ, ಸಾಕು" ಎಂದೆ. ಅವಳು ನಕ್ಕು ಕಟ್ಟಿಕೊಂಡಳು. ವಾರದೊಳಗೆ ಎದುರು ಸೀಟಿನ ಟೈಪಿಸ್ಟ್ ಅಕ್ಕ, "ನನಗೂ ಒಂದು ಮಾಡ್ಕೊಡಿ, ಹದಿನಾಲ್ಕು ಅಂತ ಬರೀರಿ" ಎಂದರು. ವರ್ಷ ತುಂಬುವಷ್ಟರಲ್ಲಿ ಮೂರನೇ ಬೋಗಿಯಲ್ಲಿ ನಲವತ್ತು ಚೀಲಗಳಿಗೆ ನಲವತ್ತು ಚೀಟಿಗಳು ತೂಗುತ್ತಿದ್ದವು. ನನ್ನ ನಿಜವಾದ ಹೆಸರು ಮರೆತೇಹೋಗಿ ನಾನು ಎಲ್ಲರಿಗೂ ರಟ್ಟಣ್ಣನಾದೆ.

ನಮ್ಮ ಪದ್ಧತಿ ಇಷ್ಟೇ ಇತ್ತು. ಎಚ್ಚರವಾಗಿರುವವರು ಮಲಗಿದವರ ಚೀಟಿ ನೋಡಿಕೊಳ್ಳಬೇಕು. ಅವರ ನಿಲ್ದಾಣಕ್ಕೆ ಎರಡು ನಿಮಿಷ ಇರುವಾಗ ತೊಡೆಯ ಮೇಲಿನ ಚೀಲದ ತಳವನ್ನು ಎರಡು ಸಲ ಮೆಲ್ಲಗೆ ತಟ್ಟಬೇಕು. ಮೈ ಮುಟ್ಟುವುದಿಲ್ಲ, ಹೆಸರು ಕೂಗುವುದಿಲ್ಲ. ಚೀಲ ಅಲುಗಿದರೆ ನಿದ್ದೆ ತಾನಾಗಿ ಬಿಡುತ್ತದೆ. ಯಾರು ಯಾವಾಗ ತಟ್ಟಬೇಕಾಗುತ್ತದೋ ಎಂದು ಎಲ್ಲರೂ ಸ್ವಲ್ಪ ಗಮನದಲ್ಲಿ ಇರುತ್ತಿದ್ದರು, ಗಮನದಲ್ಲಿ ಇರುವವರು ಮಾತಾಡುವುದು ಕಡಿಮೆ. ಫೋನ್ ಬಂದರೆ ಎದ್ದು ಬಾಗಿಲ ಬಳಿ ಹೋಗುತ್ತಿದ್ದರು. ಹಾಡು ಹಚ್ಚಿದ ಹೊಸಬರಿಗೆ ಟೈಪಿಸ್ಟ್ ಅಕ್ಕ ಮಲಗಿದವರ ಕಡೆ ಕಣ್ಣು ತೋರಿಸುತ್ತಿದ್ದರು, ಅಷ್ಟಕ್ಕೇ ಅವರು ನಾಚಿ ಸುಮ್ಮನಾಗುತ್ತಿದ್ದರು. ಬೋರ್ಡು ಇರಲಿಲ್ಲ, ಶಿಕ್ಷೆ ಇರಲಿಲ್ಲ. ಆರು ವರ್ಷದಲ್ಲಿ ಒಬ್ಬರೂ ನಿಲ್ದಾಣ ತಪ್ಪಿಸಿಕೊಳ್ಳಲಿಲ್ಲ.

ಆ ನರ್ಸಮ್ಮನಿಗೆ ಈ ಪದ್ಧತಿ ಎಷ್ಟು ಮುಖ್ಯವಾಗಿತ್ತು ಎನ್ನುವುದನ್ನು ತಾವು ತಿಳಿಯಬೇಕು. ಅವಳಿಗೆ ಎರಡೂವರೆ ವರ್ಷದ ಮಗಳಿದ್ದಾಳೆ. ಗಂಡ ಬಾಟಲಿ ತುಂಬಿಸುವ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಇವಳ ರೈಲು ಏಳು ಇಪ್ಪತ್ತೈದಕ್ಕೆ ಒಂಬತ್ತನೇ ನಿಲ್ದಾಣಕ್ಕೆ ಬರುತ್ತದೆ, ಅವನ ರೈಲು ಏಳು ಮೂವತ್ತೊಂದಕ್ಕೆ ಎದುರು ದಿಕ್ಕಿನಿಂದ. ಆ ಆರು ನಿಮಿಷದಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಗಂಡ ಮಗುವನ್ನು ಹೆಂಡತಿಯ ಕೈಗೆ ಕೊಡುತ್ತಾನೆ, ಹಾಲು ಕುಡಿದಳೋ ಇಲ್ಲವೋ ಹೇಳುತ್ತಾನೆ, ಅವಳು ಅವನ ಕಾಲರ್ ಸರಿಮಾಡಿ ಕಳಿಸುತ್ತಾಳೆ. ಎಂಟಕ್ಕೆ ಕಾರ್ಖಾನೆಯ ಗೇಟು ಮುಚ್ಚುತ್ತದೆ. ವಾರದಲ್ಲಿ ಐದು ದಿನ ಅವರ ಸಂಸಾರ ನಡೆಯುವುದು ಆ ಆರು ನಿಮಿಷದಲ್ಲೇ. ನಾನು ಕಿಟಕಿಯಿಂದ ಅದನ್ನು ನೋಡಿಕೊಂಡು ಮುಂದೆ ಹೋಗುತ್ತಿದ್ದೆ, ನನ್ನ ದಿನಕ್ಕೂ ಅದು ಒಳ್ಳೆಯ ಆರಂಭವಾಗಿತ್ತು.

ಇಂಥ ಬೋಗಿಗೆ ತಾವು ಬಂದಿರಿ. ತಪಾಸಣೆಗೆಂದು ಹತ್ತಿದವರು ಕೊನೆಯ ನಿಲ್ದಾಣದವರೆಗೂ ಕುಳಿತಿರಿ. "ಇದನ್ನ ಎಲ್ಲಾ ರೈಲಿಗೂ ತರ್ಬೇಕು ಕಣ್ರೀ" ಎಂದಿರಿ. ಕಚೇರಿಗೆ ಕರೆಸಿ, ಚಹಾ ತರಿಸಿ, ನನ್ನನ್ನು ತಮ್ಮ ಸಿಬ್ಬಂದಿಗೆ "ಇವರು ನಮ್ಮ ಸಲಹೆಗಾರರು" ಎಂದು ಪರಿಚಯಿಸಿದಿರಿ. ಇಪ್ಪತ್ತೆಂಟು ವರ್ಷ ಹಿಂಬದಿಯ ಕೋಣೆಯಲ್ಲಿ ಕುಳಿತವನಿಗೆ ಆ ಒಂದು ಮಾತು ಎಷ್ಟು ತಲೆಗೇರುತ್ತದೆಂದು ತಮಗೆ ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ನಮ್ಮ ಪದ್ಧತಿಯನ್ನು ನಾನು ಎರಡು ಪುಟದಲ್ಲಿ ಬರೆದು ತಂದಿದ್ದೆ. ತಾವು ಓದಿ, ಚೀಲ ತಟ್ಟುವ ಸಾಲಿನ ಮೇಲೆ ಬೆರಳಿಟ್ಟು, "ಇದು ಬೇಕಾ? ಮುಟ್ಟೋದು ಗಿಟ್ಟೋದು ಅಂದ್ರೆ ನಾಳೆ ದೂರು ಬರುತ್ತೆ. ಕಾಗದದಲ್ಲಿ ಬೇಡ, ನೀವು ನೀವು ಮಾಡ್ಕೊಳ್ಳಿ, ಯಾರು ಬೇಡ ಅಂತಾರೆ" ಎಂದಿರಿ. ನಾನು ಹೂಂ ಎಂದೆ. ನನ್ನ ಪೆನ್ನಿನಿಂದ ನಾನೇ ಆ ಸಾಲು ಹೊಡೆದುಹಾಕಿದೆ. ನಮ್ಮ ಪದ್ಧತಿಯ ಜೀವವೇ ಆ ಸಾಲಿನಲ್ಲಿದೆ ಎಂದು ಗೊತ್ತಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ತಮ್ಮನ್ನು ಬೈಯುವ ಮೊದಲು ನನ್ನ ಈ ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಮುಂದಿನ ತಿಂಗಳು ಬೋಗಿಯ ಮೈಗೆಲ್ಲ ನೀಲಿ ಸ್ಟಿಕ್ಕರು ಬಂತು. ಮೌನ ಬೋಗಿ ಉದ್ಘಾಟನೆಯಾಯಿತು, ಮೈಕು ಹಚ್ಚಿ, ಬ್ಯಾಂಡು ಬಾರಿಸಿ. ಮೌನವನ್ನು ಬ್ಯಾಂಡು ಬಾರಿಸಿ ಬರಮಾಡಿಕೊಳ್ಳುವ ಯೋಚನೆ ಯಾರಿಗೆ ಹೊಳೆಯಿತೋ ಕಾಣೆ, ಅವರಿಗೆ ಬಡ್ತಿ ಸಿಕ್ಕಿರಬೇಕು. ನಂತರ ನಿಲ್ದಾಣದ ಹೆಸರು ಹೇಳುವ ಧ್ವನಿಯನ್ನು ನಮ್ಮ ಬೋಗಿಯಲ್ಲಿ ಮಾತ್ರ ನಿಲ್ಲಿಸಿದಿರಿ, ಅದು ಮೌನಕ್ಕೆ ಭಂಗವಂತೆ. ಅದರ ಬದಲು ನಾಲ್ಕು ನಿಮಿಷಕ್ಕೊಮ್ಮೆ ಒಂದು ಸಂಗೀತದ ತುಣುಕು, ಆಮೇಲೆ "ಇದು ಮೌನ ಬೋಗಿ, ದಯವಿಟ್ಟು ಮೌನ ಕಾಪಾಡಿ" ಎಂಬ ಘೋಷಣೆ. ಹಾಗೆ ಘೋಷಿಸುವವರಿಗೆ ಮೌನ ಕಾಪಾಡಲು ಹೇಳುವವರು ಯಾರು? ಇದಲ್ಲದೆ ಎದೆಗೆ ಬಿಲ್ಲೆ ಹಾಕಿದ ಒಬ್ಬ ಮೇಲ್ವಿಚಾರಕರು. ಅವರ ಬೂಟಿನ ಸದ್ದು ಮತ್ತು ಸೊಂಟದ ವೈರ್‌ಲೆಸ್ಸಿನ ಗೊರಗೊರ ಬೋಗಿಯ ಈ ತುದಿಯಿಂದ ಆ ತುದಿಗೆ ದಿನವೂ ಓಡಾಡುತ್ತವೆ.

ನಿಯಮಾವಳಿ ಬಂದಾಗ ಓದಿದೆ. ಒಂಬತ್ತನೇ ನಿಯಮ: ಚೀಲ ಅಥವಾ ಬಟ್ಟೆಗೆ ಯಾವುದೇ ಫಲಕ ತೂಗುಹಾಕತಕ್ಕದ್ದಲ್ಲ. ಹನ್ನೊಂದನೇ ನಿಯಮ: ಸಹಪ್ರಯಾಣಿಕರನ್ನಾಗಲಿ ಅವರ ಸಾಮಾನನ್ನಾಗಲಿ ಮುಟ್ಟತಕ್ಕದ್ದಲ್ಲ. ಯಾರು ಬೇಡ ಅಂತಾರೆ ಎಂದು ಕೇಳಿದ್ದಿರಲ್ಲ, ತಾವೇ ಬೇಡ ಎಂದಿರಿ. ಕೆಳಗೆ ಸಣ್ಣ ಅಕ್ಷರದಲ್ಲಿ 'ಪ್ರಯಾಣಿಕ ಪ್ರತಿನಿಧಿಯ ಸಲಹೆಯಂತೆ' ಎಂದು ಅಚ್ಚಾಗಿತ್ತು. ಅದನ್ನು ಓದಿದಾಗ ನನಗೆ ಆದ ಅವಮಾನ ಹೇಳತೀರದು. ಮೇಲ್ವಿಚಾರಕರು ಒಂದು ಗೋಣಿಚೀಲ ಹಿಡಿದು ಸೀಟಿನಿಂದ ಸೀಟಿಗೆ ಹೋಗಿ ನಲವತ್ತು ಚೀಟಿಗಳನ್ನು ಕತ್ತರಿಸಿ ತುಂಬಿಕೊಂಡರು. ಟೈಪಿಸ್ಟ್ ಅಕ್ಕ ನನ್ನ ಕಡೆ ತಿರುಗಿ, "ಇದೇನಾ ರಟ್ಟಣ್ಣ ನೀವು ಮಾಡಿಸ್ಕೊಂಡು ಬಂದಿದ್ದು?" ಎಂದರು.

ನೀಲಿ ಸ್ಟಿಕ್ಕರು ನೋಡಿ ಜನ ಬೇರೆ ಬೋಗಿಗಳಿಂದ ಬಂದು ತುಂಬಿದರು. ನಾವು ಹಳಬರು ಚದುರಿಹೋದೆವು. ನರ್ಸಮ್ಮ ಎರಡು ಸಲ ನಿಲ್ದಾಣ ದಾಟಿ ಹೋದಳು, ಗಂಡ ಎರಡು ಸಲ ಗೇಟಿನ ಹೊರಗೆ ಉಳಿದ. ಮೂರನೆಯ ಸಲದ್ದನ್ನು ನಾನು ಕಣ್ಣಾರೆ ಕಂಡೆ.

ಅಂದು ಮಂಗಳವಾರ. ಟೈಪಿಸ್ಟ್ ಅಕ್ಕ ರಜೆಯಲ್ಲಿದ್ದರು. ನನಗೆ ಅದೃಷ್ಟಕ್ಕೆ ನರ್ಸಮ್ಮನ ಪಕ್ಕದಲ್ಲೇ ಜಾಗ ಸಿಕ್ಕಿತ್ತು. ವಾರ್ಡಿನಲ್ಲಿ ಇಬ್ಬರ ಕೆಲಸ ಒಬ್ಬಳೇ ಮಾಡಿ ಬಂದಿದ್ದಳು. "ರಟ್ಟಣ್ಣ, ನೀವಿದ್ದೀರಲ್ಲ, ಇವತ್ತು ಧೈರ್ಯವಾಗಿ ಮಲಗ್ತೀನಿ" ಎಂದು ಕಣ್ಣು ಮುಚ್ಚಿದಳು. ಒಂಬತ್ತನೇ ನಿಲ್ದಾಣ ಹತ್ತಿರ ಬಂತು. ನಾನು ಚೀಲದ ಕಡೆ ಕೈ ಚಾಚಿದೆ. ಮೇಲ್ವಿಚಾರಕರು ಎದುರಿಗೇ ನಿಂತಿದ್ದರು.

"ಸರ್, ಹನ್ನೊಂದನೇ ನಿಯಮ."

"ಆಕೆ ಇಲ್ಲಿ ಇಳೀಬೇಕು."

"ಅದು ಅವರು ನೋಡ್ಕೋತಾರೆ. ನಿಯಮ ಮಾಡ್ಸಿದ್ದೇ ನೀವಂತಲ್ಲ ಸರ್, ನೀವೇ ಮುರಿದ್ರೆ ಹೇಗೆ?"

ಸುತ್ತಲಿನ ಹೊಸ ಮುಖಗಳೆಲ್ಲ ನನ್ನನ್ನು ನೋಡಿದವು. ಪರ ಹೆಂಗಸಿನ ಚೀಲಕ್ಕೆ ಕೈ ಹಾಕಿದ ಮುದುಕನನ್ನು ನೋಡುವ ಹಾಗೆ ನೋಡಿದವು. ಮಾನ್ಯರೇ, ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಒಂದೇ ಕ್ಷಣ, ಆದರೂ ತೆಗೆದುಕೊಂಡೆ. ರೈಲು ನಿಂತಿತು, ಬಾಗಿಲು ತೆರೆಯಿತು. ಕಿಟಕಿಯ ಹೊರಗೆ ಅವಳ ಗಂಡ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ಇಳಿಯುವವರ ಮುಖ ಹುಡುಕುತ್ತಿದ್ದ. ಮಗು ಅಮ್ಮನನ್ನು ಕಿಟಕಿಯಲ್ಲಿ ಕಂಡುಹಿಡಿದು ಬೆರಳು ತೋರಿಸಿತು. ಅವನು ಓಡಿಬಂದು ಗಾಜು ಬಡಿದ. ತಮ್ಮ ಹೊಸ ಕಿಟಕಿಯ ಗಾಜು ದಪ್ಪ, ಹೊರಗಿನ ಸದ್ದು ಒಳಗೆ ಬರುವುದಿಲ್ಲ, ಅದಕ್ಕಾಗಿ ತಮಗೆ ಪ್ರಶಸ್ತಿಯೂ ಬಂದಿದೆಯಂತೆ. ಆಗ ನಾನು ಕೂಗಿದೆ. "ಏಳಮ್ಮ, ಏಳು, ನಿನ್ನ ಸ್ಟೇಷನ್ ಬಂತು" ಎಂದು ಬೋಗಿಯೆಲ್ಲ ಬೆಚ್ಚುವ ಹಾಗೆ ಕೂಗಿದೆ. ಅವಳು ಎದ್ದು ಬಾಗಿಲಿಗೆ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿಕೊಂಡಿತು. ಮುಂದಿನ ನಿಲ್ದಾಣ ಹನ್ನೊಂದು ನಿಮಿಷ ದೂರ. ಅವಳು ಗಾಜಿಗೆ ಅಂಗೈ ಒತ್ತಿ ನಿಂತಿದ್ದಳು, ಮಗುವಿನ ಅಳು ನಮಗೆ ಕಾಣಿಸುತ್ತಿತ್ತು, ಕೇಳಿಸುತ್ತಿರಲಿಲ್ಲ.

ಮೇಲ್ವಿಚಾರಕರು ನನಗೆ ಶಾಂತಿಭಂಗದ ನೋಟಿಸು ಕೊಟ್ಟರು. ನರ್ಸಮ್ಮ ಮುಂದಿನ ನಿಲ್ದಾಣದಲ್ಲಿ ಇಳಿಯುವಾಗ, "ಪಕ್ಕದಲ್ಲೇ ಇದ್ರಲ್ಲ ಅಣ್ಣಾ" ಎಂದಳು. ಆರು ವರ್ಷದ ಹಿಂದೆ ಹೇಳಿದ್ದೂ ಇದೇ ಮಾತು. ಅಂದು ಅವಳ ನಿಲ್ದಾಣ ನನಗೆ ಗೊತ್ತಿರಲಿಲ್ಲ. ಈಗ ಆ ನೆಪವೂ ನನಗೆ ಉಳಿದಿಲ್ಲ.

ಅಂದಿನಿಂದ ಅವಳು ರೈಲಿನಲ್ಲಿ ಕೂರುವುದಿಲ್ಲ. ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತೇ ಬರುತ್ತಾಳೆ, ಕೂತರೆ ನಿದ್ದೆ ಬಂದೀತೆಂಬ ಭಯಕ್ಕೆ. ಕಾರ್ಖಾನೆಯವರು ಅವಳ ಗಂಡನಿಗೆ ಹೇಳಿರುವುದು ಇಷ್ಟು: ತಡವಾದದ್ದು ರೈಲಿನ ಕಡೆಯ ಕಾರಣದಿಂದ ಎಂದು ರೈಲಿನವರಿಂದ ಸೋಮವಾರದೊಳಗೆ ಕಾಗದ ತಂದರೆ ಸರಿ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ. ಆ ಕಾಗದ ಕೇಳಲು ಹೋದಾಗ ತಮ್ಮ ಕಚೇರಿಯಿಂದ ಸಿಕ್ಕ ಉತ್ತರ, "ಪ್ರಯಾಣಿಕರು ತಮ್ಮ ನಿದ್ರೆಗೆ ತಾವೇ ಜವಾಬ್ದಾರರು." ಒಪ್ಪಿದೆ. ಹಾಗಾದರೆ ಆರು ವರ್ಷ ಆ ಜವಾಬ್ದಾರಿಯನ್ನು ಹಂಚಿಕೊಂಡು ಹೊತ್ತವರ ಕೈ ಕಟ್ಟಿಹಾಕಿದ್ದು ಯಾರು? ನಿಲ್ದಾಣದ ಹೆಸರು ಹೇಳುವ ಧ್ವನಿಯನ್ನು ನಿಲ್ಲಿಸಿದ್ದು ಯಾರು? ಬಾಗಿಲ ಆಚೆ ತಮ್ಮ ಸಲಹೆಗಾರ ಕುಳಿತಿದ್ದಾನೆ ಎಂದು ಗೊತ್ತಿದ್ದೂ ನಾಲ್ಕು ಸಲವೂ ಸಾಹೇಬರು ಸಭೆಯಲ್ಲಿದ್ದಾರೆ ಎಂದು ಹೇಳಿಸಿದ್ದು ಯಾರು? ತಮ್ಮ ಚಹಾ ಕುಡಿದ ಬಾಯಿಯಿಂದಲೇ ಕೇಳುತ್ತಿದ್ದೇನೆ.

ಸುಳ್ಳು ಬರೆಯಿರಿ ಎಂದು ಕೇಳುತ್ತಿಲ್ಲ. ನಡೆದದ್ದನ್ನು ಬರೆಯಿರಿ. ಮೂರನೇ ಬೋಗಿಯಲ್ಲಿ ನಿಲ್ದಾಣದ ಹೆಸರು ಹೇಳುವುದನ್ನು ನಿಲ್ಲಿಸಲಾಗಿತ್ತು, ಎಬ್ಬಿಸಲು ಬಂದ ಸಹಪ್ರಯಾಣಿಕನನ್ನು ನಮ್ಮ ಸಿಬ್ಬಂದಿ ತಡೆದರು ಎಂದು ಎರಡು ಸಾಲು, ಕೆಳಗೆ ತಮ್ಮ ಸಹಿ, ಸೋಮವಾರದೊಳಗೆ. ಆಮೇಲೆ ಒಂಬತ್ತನೇ ಮತ್ತು ಹನ್ನೊಂದನೇ ನಿಯಮಗಳನ್ನು ಹೊಡೆದುಹಾಕಿ. ನನ್ನ ಸಾಲನ್ನು ಹೊಡೆದುಹಾಕಲು ಅರ್ಧ ನಿಮಿಷವೂ ಬೇಕಾಗಿರಲಿಲ್ಲ, ಇದಕ್ಕೂ ಬೇಕಾಗಲಾರದು. ಗೋಣಿಚೀಲದಲ್ಲಿರುವ ನಲವತ್ತು ಚೀಟಿಗಳನ್ನು ವಾಪಸು ಕೊಡಿ. ಸ್ಟಿಕ್ಕರು, ಸಂಗೀತ, ಬಿಲ್ಲೆ ಎಲ್ಲವನ್ನೂ ತಾವೇ ಇಟ್ಟುಕೊಳ್ಳಿ.

ಈ ಪತ್ರದ ಜೊತೆ ಒಂದು ಹೊಸ ರಟ್ಟಿನ ಚೀಟಿ ಲಗತ್ತಿಸಿದ್ದೇನೆ. ಒಳ್ಳೆಯ ರಟ್ಟು, ಅಂಚಿಗೆ ಕೆಂಪು ಬಟ್ಟೆ, ಗಟ್ಟಿ ದಾರ. ಇದು ತಮಗಾಗಿ. ಸಂಖ್ಯೆ ಮಾತ್ರ ಬರೆದಿಲ್ಲ. ತಮ್ಮನ್ನು ಎಲ್ಲಿ ಎಬ್ಬಿಸಬೇಕೆಂದು ತಾವೇ ಬರೆದುಕೊಂಡು ಕುರ್ಚಿಗೆ ಕಟ್ಟಿಕೊಳ್ಳಿ. ಈ ಸಲ ಯಾರು ತಡೆದರೂ ನಾನು ಕೈ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಇಂತಿ,
ತಮ್ಮ ನಿಯಮವನ್ನು ಒಂದೇ ಕ್ಷಣ ಪಾಲಿಸಿ ಜನ್ಮಕ್ಕಾಗುವಷ್ಟು ನಾಚಿಕೊಂಡ,
ಮೂರನೇ ಬೋಗಿಯ ರಟ್ಟಣ್ಣ
(ತಮ್ಮ ಮಾಜಿ ಸಲಹೆಗಾರ)